ಆ ಹನ್ನೊಂದು ಸೆಕೆಂಡು

ಚಿತ್ರದುರ್ಗದಲ್ಲಿ ರೇಡಿಯೋಗಾಗಿ ಲೇಖಕರನ್ನು ಮಾತಾಡಿಸುವ ಕೆಲಸ ನನ್ನದು. ಊರು, ನೀರು, ಜಾತಿ, ಜಾತ್ರೆ, ಶಾಲೆ ಇಂಥದ್ದರ ಬಗ್ಗೆ ಬರೆದವರನ್ನೇ ಜಾಸ್ತಿ ಕರೆಯುತ್ತೇನೆ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ರೆಕಾರ್ಡ್ ಮಾಡಿ, ಆಮೇಲೆ ಕೂತು ಎಡಿಟ್ ಮಾಡುತ್ತೇನೆ. ನನ್ನಿಂದ ಆದ ದೊಡ್ಡ ತಪ್ಪು ಹೀಗೆ ಎಡಿಟ್ ಮಾಡುವಾಗ ಆದದ್ದು.

ಹಿರಿಯೂರು ಕಡೆಯ ಹಿರಿಯ ಲೇಖಕರೊಬ್ಬರು ಬಂದಿದ್ದರು. ವಾಣಿವಿಲಾಸ ಸಾಗರದ ಸುತ್ತಲಿನ ಬದುಕಿನ ಬಗ್ಗೆ ಬರೆದವರು. ನಮ್ಮ ಕಡೆ ಅದು ಮಾರಿ ಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಕಟ್ಟಿದ ಅಣೆಕಟ್ಟು, 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿತ್ತು, ಅಂದರೆ ತುಂಬಿ ನೀರು ಹೊರಗೆ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಆ ವರ್ಷ ಜನ ಬುತ್ತಿ ಕಟ್ಟಿಕೊಂಡು ನೋಡೋಕೆ ಹೋಗಿದ್ದರು.

ನಾನು ಚೆನ್ನಾಗಿಯೇ ಓದಿಕೊಂಡು ಹೋಗಿದ್ದೆ. ಆದರೆ ಓದಿದ್ದೆಲ್ಲ ಪ್ರಶ್ನೆಯೊಳಗೇ ತುರುಕಿದ್ದೆ. ಸಾಮರ್ಥ್ಯ 30 ಟಿಎಂಸಿ, ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಹೀಗೆ. ಅವರು ಪೂರ್ತಿ ಕೇಳಿಸಿಕೊಂಡು, "ಇದನ್ನ ಕೇಳಿದವರಿಗೆ ಏನು ಕಾಣುತ್ತೆ ಕಣಮ್ಮ?" ಅಂದರು. ಆಮೇಲೆ ತಾವೇ ಹೇಳಿದರು. ತುಂಬಿದರೆ 130 ಅಡಿ. ಬರದ ವರ್ಷಗಳಲ್ಲಿ ಅರ್ಧದಷ್ಟಕ್ಕೆ ಇಳಿದದ್ದನ್ನೂ ನೋಡಿದ್ದೇನೆ, ಆಗ ತೋಟದಲ್ಲಿ ತೆಂಗು ಒಣಗಿ ಸುಳಿ ಬೀಳುತ್ತಿತ್ತು ಅಂತ. ನನಗೆ ತಕ್ಷಣ ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ನೆನಪಾದವು. ಅಲ್ಲಿ ಬೆಂಕಿ ಮುಂದೆ ನಿಂತು ಮಂಡಕ್ಕಿ ಹುರಿಯುತ್ತಾ ರೇಡಿಯೋ ಕೇಳುವವರಿದ್ದಾರೆ. ಪುಸ್ತಕ ಆದರೆ ಅರ್ಥ ಆಗದಿದ್ದಾಗ ಹಿಂದಿನ ಪುಟ ತಿರುಗಿಸಬಹುದು. ಭಟ್ಟಿ ಮುಂದೆ ನಿಂತವರಿಗೆ ಮಾತು ಒಂದೇ ಸಲ ಕೇಳುತ್ತದೆ. ಟಿಎಂಸಿ ಕಿವಿಗೆ ಬಿದ್ದು ಹಾಗೇ ಹೋಗುತ್ತದೆ. ಸುಳಿ ಬಿದ್ದ ತೆಂಗು ಹೋಗಲ್ಲ.

ಭದ್ರಾ ಮೇಲ್ದಂಡೆ ಯೋಜನೆಯ ಮಾತು ಬಂದಾಗ ಇನ್ನೊಂದು ವಿಷಯ ಗೊತ್ತಾಯಿತು. ಭದ್ರೆಯ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಗೆ ಬಂದು ಮಾರಿ ಕಣಿವೆ ಸೇರುತ್ತದೆ. ದುರ್ಗದವರಿಗೆ ಇದು ಎಷ್ಟೋ ವರ್ಷಗಳ ಆಸೆ. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವ ದಾವಣಗೆರೆ ರೈತರಿಗೆ ಅದೇ ಆತಂಕ. "ನೀವು ಯೋಜನೆಯ ಪರವೋ, ವಿರೋಧವೋ?" ಅಂತ ಕೇಳಿದೆ. ಒಂದೇ ವಾಕ್ಯದಲ್ಲಿ ಉತ್ತರ ಮುಗಿಯಿತು. ಸ್ವಲ್ಪ ಹೊತ್ತಾದ ಮೇಲೆ ಬೇರೆ ಥರ ಕೇಳಿದೆ. "ನಿಮ್ಮ ತೋಟಕ್ಕೆ ಬರೋ ನೀರು ಯಾರ ಗದ್ದೆಯಿಂದ ಬರುತ್ತೆ ಸರ್?" ಈ ಸಲ ಏಳು ನಿಮಿಷ ಮಾತಾಡಿದರು. ತಮ್ಮ ಆಸೆಯನ್ನೂ ಮುಚ್ಚಿಡಲಿಲ್ಲ, ಆ ಕಡೆಯವರ ಭಯವನ್ನೂ ಹಗುರ ಮಾಡಲಿಲ್ಲ. ಸಾರ್ವಜನಿಕ ವಿಷಯಗಳ ಬಗ್ಗೆ ಮಾತಾಡುವಾಗ ಪರ, ವಿರೋಧ ಅನ್ನುವ ಪದಗಳನ್ನು ನಾನು ಈಗ ಬಳಸುವುದಿಲ್ಲ.

ಕೊನೆಗೆ ಕೇಳಿದೆ, "ಕೋಡಿ ಬಿದ್ದ ದಿನ ನೀವು ಎಲ್ಲಿದ್ರಿ ಸರ್?"

ಅವರು ಮಾತಾಡಲಿಲ್ಲ. ಪ್ರಶ್ನೆ ಸರಿ ಕೇಳಿಸಲಿಲ್ಲವೇನೋ ಅಂದುಕೊಂಡು ಮತ್ತೆ ಕೇಳೋಕೆ ಹೋದೆ. ಗಾಜಿನ ಆಚೆ ಇದ್ದ ನಮ್ಮ ಹುಡುಗ ಬೇಡ ಅಂತ ಕೈ ಮಾಡಿದ. ಆಮೇಲೆ ಅವರು ಹೇಳಿದರು, "ಅಜ್ಜಿ ಇರಬೇಕಿತ್ತು ಕಣಮ್ಮ." ಅವರ ಅಜ್ಜಿ 1933ರ ಕೋಡಿಯನ್ನು ಕಣ್ಣಾರೆ ನೋಡಿದವರಂತೆ. ಅದರ ಕಥೆಯನ್ನು ಸಾಯುವ ತನಕ ಹೇಳಿದರಂತೆ. ಮನೆಯಲ್ಲಿ ಯಾರೂ ಪೂರ್ತಿ ನಂಬಿರಲಿಲ್ಲ.

ಎಡಿಟಿಂಗ್‌ಗೆ ಕೂತಾಗ ನೋಡಿದೆ, ಆ ಮೌನ ಹನ್ನೊಂದು ಸೆಕೆಂಡು ಇತ್ತು. ರೇಡಿಯೋದಲ್ಲಿ ಮೌನ ಅಂದರೆ ನಮಗೆಲ್ಲ ಹೆದರಿಕೆ. ಸ್ಟೇಷನ್ ನಿಂತುಹೋಯಿತು ಅಂತ ಜನ ಬೇರೆ ಕಡೆ ತಿರುಗಿಸುತ್ತಾರೆ ಅಂತ ಕಲಿತವರು ನಾವು. ಕೆಮ್ಮು, "ಅದೇ, ಏನಂದ್ರೆ" ಎಲ್ಲದರ ಜೊತೆ ಅದನ್ನೂ ತೆಗೆದೆ. ಪ್ರಶ್ನೆಯ ಬೆನ್ನಿಗೇ ಉತ್ತರ ಅಂಟಿಕೊಂಡಿತು. ಕೇಳೋಕೆ ನುಣ್ಣಗಿತ್ತು.

ಪ್ರಸಾರವಾದ ಮರುದಿನ ಅವರು ಫೋನ್ ಮಾಡಿದರು. ಬೈಯಲಿಲ್ಲ. "ಅಲ್ಲಿ ನಾನು ಸುಮ್ನೆ ಕೂತಿದ್ದೆನಲ್ಲ, ಅದು ಎಲ್ಲಿ ಹೋಯ್ತಮ್ಮ? ಕೇಳಿದ ತಕ್ಷಣ ಅಜ್ಜಿ ಹೆಸರು ಹೇಳಿದ ಹಾಗಿದೆ. ಬಾಯಿಪಾಠ ಮಾಡಿಕೊಂಡು ಬಂದವನ ಥರ." ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರ ಒಂದೇ ಒಂದು ಮಾತನ್ನೂ ನಾನು ಬದಲಿಸಿರಲಿಲ್ಲ. ಆದರೂ ಅವರು ಹೇಳದ ರೀತಿಯಲ್ಲಿ ಅವರ ಬಾಯಿಂದ ಹೇಳಿಸಿದ್ದೆ.

ಈಗ ಎಡಿಟ್ ಮಾಡುವ ಮುಂಚೆ ಒಂದು ಸಲ ಪೂರ್ತಿ ಕೇಳುತ್ತೇನೆ, ಸುಮ್ನೆ, ಕೈ ಕಟ್ಟಿಕೊಂಡು. ಪದ ಸಿಗದೆ ನಿಂತದ್ದು ಯಾವುದು, ಮನಸ್ಸು ತುಂಬಿ ನಿಂತದ್ದು ಯಾವುದು ಅಂತ ಕಂಪ್ಯೂಟರ್ ತೆರೆಯ ಮೇಲೆ ಗೊತ್ತಾಗಲ್ಲ. ಅಲ್ಲಿ ಎರಡೂ ಒಂದೇ ನೇರ ಗೆರೆ. ಕಿವಿಗೆ ಮಾತ್ರ ಗೊತ್ತಾಗುತ್ತದೆ. ಸಮಯ ಸಾಲದಿದ್ದರೆ ನನ್ನ ಪ್ರಶ್ನೆಗಳನ್ನು ಕಡಿಮೆ ಮಾಡುತ್ತೇನೆ.

ಅವರ ಕಾರ್ಯಕ್ರಮವನ್ನು ಸರಿಮಾಡಿ ಮರುಪ್ರಸಾರ ಮಾಡೋಣ ಅಂದುಕೊಂಡೆ. ಮೂಲ ರೆಕಾರ್ಡಿಂಗ್ ಅಳಿಸಿಹೋಗಿತ್ತು. ಕೆಲವು ತಿಂಗಳು ಬಿಟ್ಟು ಅವರನ್ನು ಮತ್ತೆ ಕರೆದೆ. ದೊಡ್ಡ ಮನಸ್ಸು ಮಾಡಿ ಬಂದರು. ಅದೇ ಸ್ಟುಡಿಯೋ, ಅದೇ ಕುರ್ಚಿ. ಅದೇ ಪ್ರಶ್ನೆ ಕೇಳಿ, ಕಾಯೋಕೆ ತಯಾರಾಗಿ ಕೂತೆ. ಅವರು ಒಂದು ಕ್ಷಣವೂ ತಡಮಾಡದೆ ಹೇಳಿದರು, "ಅಜ್ಜಿ ಇರಬೇಕಿತ್ತು."