ಮಾರ್ಚ್ ಎಂಡ್‌ನ ಪುಸ್ತಕ ಪಟ್ಟಿಗೆ ಮಗುವಿನ ವಯಸ್ಸು ಬೇಡವೇ?

ಮಾರ್ಚ್ ಎಂಡ್ ಬಂತೆಂದರೆ ಪಂಚಾಯಿತಿಯಲ್ಲಿ ಪುಸ್ತಕ ಖರೀದಿಯ ಗಡಿಬಿಡಿ. ಗ್ರಂಥಾಲಯ ಸೆಸ್ ಹಣ ಉಳಿಯಬಾರದು, ಕೊಟೇಶನ್ ತರಿಸಬೇಕು, ಬಿಲ್ ಪಾಸಾಗಬೇಕು. ನಮೂನೆಯಲ್ಲಿ ಪುಸ್ತಕದ ಹೆಸರು, ಪ್ರತಿ, ದರ, ರಿಯಾಯಿತಿ, ಒಟ್ಟು ಮೊತ್ತ ಎಲ್ಲಕ್ಕೂ ಕಾಲಂ ಇದೆ. ಎಷ್ಟು ವರ್ಷದ ಮಗುವಿಗೆ ಎಂದು ಬರೆಯಲು ಮಾತ್ರ ಜಾಗವಿಲ್ಲ. ಇಂಡಿ ತಾಲ್ಲೂಕಿನ ಹಳ್ಳಿಯೊಂದರ ಅರಿವು ಕೇಂದ್ರದ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದ, ಮೇಲ್ವಿಚಾರಕಿ ನಾನು. ಈ ಕೆಲಸದಲ್ಲಿ ನನಗೆ ಇದರಷ್ಟು ಸಿಟ್ಟು ತರಿಸುವುದು ಬೇರೆ ಯಾವುದೂ ಇಲ್ಲ.

2020ರಲ್ಲಿ ಹಳ್ಳಿಯ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆತರುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟೆವು. ಆದರೆ ಆರರ ಅಕ್ಕ ಬಂದರೆ ಮೂರರ ತಮ್ಮನೂ ಜೊತೆಗೇ ಬರುತ್ತಾನೆ. ಅವ್ವ ನಿಂಬೆ ತೋಟದ ಕೂಲಿಗೆ ಹೋಗಿರುತ್ತಾಳೆ, ಅವನನ್ನು ಬಿಡುವುದೆಲ್ಲಿ? ರಿಜಿಸ್ಟರ್‌ನಲ್ಲಿ ಅವನ ಹೆಸರಿರುವುದಿಲ್ಲ. ಹಾಗಂತ ಅವನ ಕೈಗೂ ಒಂದು ಪುಸ್ತಕ ಬೇಡವೇ?

ಹೋದ ಸಲ ಸಪ್ಲೈಯರ್ ಕಡೆಯವರು ತಂದ ಕಟ್ಟಿನಲ್ಲಿ ವರ್ಣಮಾಲೆ, ಸಾಮಾನ್ಯ ಜ್ಞಾನ, ಇಂಗ್ಲಿಷ್ ರೈಮ್ಸ್, ದಪ್ಪನೆಯ ನೀತಿಕಥೆಯ ಸಂಪುಟಗಳೇ ತುಂಬಿದ್ದವು. ನಾನು ಆರಿಸಿಟ್ಟದ್ದು ಹದಿನಾರು ಪುಟದ ತೆಳ್ಳನೆಯ ಚಿತ್ರಕಥೆಗಳು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಸಾಹೇಬರು ಒಂದನ್ನು ಎತ್ತಿ ತಿರುವಿ ಹಾಕಿದರು.

“ಮೇಡಂ, ಇದರಾಗ ಓದಾಕ ಏನೈತ್ರಿ? ಒಂದ ಪಾನಕ್ಕ ಒಂದ ಸಾಲ. ಆಡಿಟ್‌ನ್ಯಾಗ ಕೇಳಿದ್ರ ನಾ ಏನ್ ಹೇಳ್ಲಿ?”

ಸಪ್ಲೈಯರ್ ಕಡೆಯವರು ಅಷ್ಟರಲ್ಲೇ ರಿಯಾಯಿತಿ ಇನ್ನಷ್ಟು ಏರಿಸಿದರು. ಸಾಹೇಬರು ಪೆನ್ನಿನ ಕ್ಯಾಪು ತೆಗೆದದ್ದೂ ಆಯಿತು. ಸಹಿ ಬಿದ್ದರೆ ಮುಂದಿನ ಮಾರ್ಚ್‌ವರೆಗೆ ಏನೂ ಮಾಡುವಂತಿಲ್ಲ.

“ಸರ್, ಅಂಗನವಾಡಿ ಬಾಜೂಕ ಐತ್ರಿ. ಹುಡುಗರನ್ನ ಕರಸೂಣು, ಎರಡೂ ಓದಿ ನೋಡೂಣು. ಆಮ್ಯಾಲ ಸಹಿ ಮಾಡ್ರಿ” ಅಂದೆ. ಧ್ವನಿ ನಡುಗುತ್ತಿತ್ತು. ಅವರು ಪೆನ್ನು ಕೆಳಗಿಟ್ಟರು.

ಅಂಗನವಾಡಿ ಅಕ್ಕಾರು ಮಕ್ಕಳನ್ನು ಕರೆತಂದು ಜಮಖಾನೆಯ ಮೇಲೆ ಕೂಡಿಸಿದರು. ನೀತಿಕಥೆಯನ್ನು ಸಾಹೇಬರೇ ಓದಿದರು, ಚೆನ್ನಾಗಿಯೇ ಓದಿದರು. ಆದರೆ ಅಕ್ಷರ ಇರುವೆಯಷ್ಟು ಸಣ್ಣ, ಚಿತ್ರ ಪುಟದ ಮೂಲೆಯಲ್ಲೊಂದು. ಕಥೆಯಲ್ಲಿ ಏನಾದರೂ ನಡೆಯುವ ಹೊತ್ತಿಗೆ ಒಂದು ಪುಟವೇ ಮುಗಿದಿತ್ತು. ಒಬ್ಬ ಕಿಟಕಿ ಸರಳು ಹಿಡಿದು ಹೊರಗೆ ನೋಡತೊಡಗಿದ, ಇನ್ನೊಬ್ಬಳಿಗೆ ನೀರು ಬೇಕಾಯಿತು. ಕೊನೆಗೆ ಸಾಹೇಬರು “ಇದರಿಂದ ಏನ್ ತಿಳೀತು?” ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ.

ನಾನು ತೆಳ್ಳನೆಯದನ್ನು ತೆಗೆದುಕೊಂಡೆ. ಪುಟಪುಟಕ್ಕೂ ಅದೇ ಮಾತು, ಬದಲಾಗುವುದು ಪ್ರಾಣಿ ಮಾತ್ರ. ಎರಡು ಪುಟ ಓದಿ, ಮೂರನೆಯದರಲ್ಲಿ ಕೊನೆಯ ಪದ ಹೇಳದೆ ನಿಲ್ಲಿಸಿದೆ. ಎಲ್ಲರೂ ಸುಮ್ಮನೆ ಕೂತರು. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನನ್ನ ಅಂಗೈ ಬೆವರಿತು, ಆ ಪದವನ್ನು ನಾನೇ ಹೇಳಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ಎಲ್ಲರಿಗಿಂತ ಸಣ್ಣವನು ಚಿತ್ರಕ್ಕೆ ಬೆರಳಿಟ್ಟು “ಎಮ್ಮಿ!” ಎಂದು ಕೂಗಿದ. ಮುಂದಿನ ಪುಟದಿಂದ ಕಥೆ ಹೇಳಿದವರು ಮಕ್ಕಳೇ. ಮುಗಿದ ಮೇಲೆ “ಇನ್ನೊಮ್ಮಿ ಓದ್ರಿ” ಎಂದು ಹಟ ಹಿಡಿದರು.

ಪೂರ್ತಿ ಗೆದ್ದೆ ಅನ್ನಲಾರೆ. ನೀತಿಕಥೆಯ ಸಂಪುಟ ಅರ್ಧಕ್ಕರ್ಧ ಕಡಿಮೆಯಾಯಿತು, ಚಿತ್ರಕಥೆಗಳು ಬಂದವು. ಸಾಮಾನ್ಯ ಜ್ಞಾನದ ಪುಸ್ತಕಗಳು ಮಾತ್ರ “ಇರ್ಲಿ ಬಿಡ್ರಿ ಮೇಡಂ” ಎಂದು ಪಟ್ಟಿಯಲ್ಲೇ ಉಳಿದವು.

ಕಲಿಕೆ ಎಲ್ಲಿದೆ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುವುದು: ಮುಂದೇನು ಬರುತ್ತದೆಂದು ಮಗು ಊಹಿಸಿತಲ್ಲ, ಅದೇ ಕಲಿಕೆ. ಚಿತ್ರ ನೋಡಿ ಪದ ಹುಡುಕಿತು, ಸಾಲಿನ ಲಯ ಹಿಡಿಯಿತು. ಅದನ್ನು ಬಿಟ್ಟು ಒಂದನೇ ತರಗತಿಯವರಿಗೆ ವರ್ಣಮಾಲೆಯ ಪುಸ್ತಕವನ್ನೇ ಮತ್ತೆ ಮತ್ತೆ ಕೊಡುವುದರಲ್ಲಿ ಅರ್ಥವಿಲ್ಲ. ಸರ್ಕಾರಿ ಶಾಲೆಯ ನಲಿಕಲಿ ಪದ್ಧತಿಯಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಸರ, ಅರಸ, ಗರಗಸ ಎಂದು ಓದಿ ಹಿಗ್ಗುತ್ತಿರುವ ಮಗುವಿನ ಕೈಗೆ ಸಾಲಿಗೆ ನಾಲ್ಕು ಒತ್ತಕ್ಷರದ ಪುಸ್ತಕ ಕೊಟ್ಟರೆ ಅದು ಮತ್ತೆ ಆ ಕಪಾಟಿನ ಹತ್ತಿರ ಸುಳಿಯುವುದಿಲ್ಲ.

ತಾನೇ ಓದುವ ಮಗುವಾದರೆ ಒಂದು ಪುಟ ಓದಿಸಿ, ತಡವರಿಸಿದ ಪದಕ್ಕೊಂದು ಬೆರಳು ಮಡಚಲು ಹೇಳಿ. ಐದೂ ಬೆರಳು ಮಡಚಿದರೆ ಆ ಪುಸ್ತಕವನ್ನು ನೀವು ಓದಿ ಹೇಳಬೇಕು, ಅದರ ಕೈಗೆ ಇನ್ನೂ ಸುಲಭದ್ದು ಕೊಡಬೇಕು. ಬೈಂಡಿಂಗ್ ನೋಡದೆ ತರಿಸಬೇಡಿ. ಬೆನ್ನಿಗೆ ಬರೀ ಅಂಟು ಹಚ್ಚಿದ್ದು ಅಗಲಿಸಿ ಇಟ್ಟರೆ ಬಿಟ್ಟುಕೊಳ್ಳುತ್ತದೆ. ಎರಡು ವರ್ಷದೊಳಗಿನವರಿಗೆ ದಪ್ಪ ರಟ್ಟಿನ ಪುಟಗಳೇ ಸರಿ, ಅವರು ಮೊದಲು ಬಾಯಿಗೇ ಹಾಕುವುದು. ಕಥೆಯಷ್ಟೇ ಬೇಡ. ಬೀಜ ಮೊಳೆಯುವುದು, ಚಂದ್ರ ಸಣ್ಣದಾಗುವುದು, ಸೆಗಣಿ ಹುಳುವಿನ ಸಂಸಾರ, ಇಂಥವು ಬಂದರೆ ಗಂಡುಹುಡುಗರು ನೆಲಕ್ಕೆ ಬೋರಲು ಬಿದ್ದು ನೋಡುತ್ತಾರೆ.

ಹಣವಿಲ್ಲ ಎನ್ನುವವರು ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣ ತೆರೆದು ನೋಡಿ. ಕನ್ನಡದ ಕಥೆಗಳು ಉಚಿತ, ಪ್ರಿಂಟ್ ತೆಗೆಯಲು ಅನುಮತಿಯೂ ಇದೆ. ಓದಿನ ಮಟ್ಟಕ್ಕೆ ತಕ್ಕಂತೆ ಹಂತಗಳಿವೆ: ಒಂದನೇ ಹಂತದ ಕಥೆ 250 ಪದದೊಳಗೆ, ಎರಡನೆಯದು 600ರೊಳಗೆ. ನಮ್ಮ ನಮೂನೆಯಲ್ಲಿಲ್ಲದ ಕಾಲಂ ಅಲ್ಲಿ ಆಗಲೇ ಇದೆ. ತೆಗೆದ ಪ್ರಿಂಟನ್ನು ಹೊಲಿದು, ಮುಖಪುಟ ಕಾಣುವಂತೆ ಹಗ್ಗಕ್ಕೆ ಕ್ಲಿಪ್ ಹಾಕಿ ಮಕ್ಕಳ ಎತ್ತರಕ್ಕೇ ಕಟ್ಟಿ. ಬೀರುವಿನೊಳಗೆ ಬೆನ್ನು ತೋರಿಸಿ ನಿಂತ ಪುಸ್ತಕವನ್ನು ಓದು ಬರದ ಮಗು ಹೇಗೆ ಆರಿಸೀತು?

ಹರಿದರೆ ಮಗುವಿಗೆ ಬೈಯಬೇಡಿ, ದಂಡದ ಮಾತಂತೂ ಬೇಡವೇ ಬೇಡ. ಈ ಸಲದ ನಮೂನೆಯೂ ಹಳೆಯದೇ ಬಂದಿದೆ. ರಿಯಾಯಿತಿ ಕಾಲಂನ ಪಕ್ಕದಲ್ಲಿ ಸ್ಕೇಲಿಟ್ಟು ಗೆರೆ ಎಳೆದು ‘ವಯಸ್ಸು’ ಎಂದು ಬರೆದು ಕಳಿಸಿದ್ದೇನೆ. ತಾಲ್ಲೂಕಿನ ಉಳಿದ ಮೇಲ್ವಿಚಾರಕರೂ ಹಾಗೆಯೇ ಕಳಿಸಿದರೆ ಮುಂದಿನ ವರ್ಷ ಆ ಕಾಲಂ ಅಚ್ಚಾಗಿಯೇ ಬರಬಹುದು.