ತಾನಾಗಿಯೇ ಚುರುಕಾದ ನಿಕಲ್ ತುಂಡು

ನಮ್ಮ ಲ್ಯಾಬ್ ಇರುವುದು ಪೀಣ್ಯದಲ್ಲಿ, ಒಂದು ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ. ಕೆಳಗೆ ಲೇತ್ ಓಡುತ್ತಿದ್ದರೆ ಮೇಲೆ ನಮ್ಮ ತಕ್ಕಡಿಯ ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ಅದಕ್ಕೇ ತೂಕದ ಕೆಲಸವೆಲ್ಲ ಅವರ ಊಟದ ಹೊತ್ತಿನಲ್ಲಿ.

ನೀರಿನಿಂದ ಹೈಡ್ರೋಜನ್ ತೆಗೆಯಲು ಅಗ್ಗದ ಕ್ಯಾಟಲಿಸ್ಟ್, ಅಂದರೆ ಕ್ರಿಯೆಯನ್ನು ಸುಲಭ ಮಾಡುವ ವಸ್ತು, ತಯಾರಿಸುವುದು ನನ್ನ ಕೆಲಸ. ನೀರನ್ನು ಒಡೆಯಲು ಪುಸ್ತಕದ ಪ್ರಕಾರ 1.23 ವೋಲ್ಟ್ ಸಾಕು. ಆದರೆ ನೀರು ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ನೀರು ಒಡೆಯುವ ಕಾರ್ಖಾನೆಯ ಸೆಲ್‌ಗಳಿಗೆ 1.8ರಿಂದ 2 ವೋಲ್ಟ್ ಕೊಡಬೇಕು. ಒಂದು ಕೆಜಿ ಹೈಡ್ರೋಜನ್‌ಗೆ ಲೆಕ್ಕದಲ್ಲಿ 39 ಯೂನಿಟ್ ಕರೆಂಟ್, ನಿಜದಲ್ಲಿ 50–55. ಆ ದಂಡವನ್ನು ಇಳಿಸುವುದೇ ಕ್ಯಾಟಲಿಸ್ಟ್. ಪ್ಲಾಟಿನಂ ಇದರಲ್ಲಿ ಎತ್ತಿದ ಕೈ, ಆದರೆ ಅದನ್ನು ಕೊಳ್ಳುವುದು ಗ್ರಾಂ ಲೆಕ್ಕದಲ್ಲಿ. ನಿಕಲ್ ಕೆಜಿ ಲೆಕ್ಕದಲ್ಲಿ ಸಿಗುತ್ತದೆ, ಕ್ಷಾರದಲ್ಲಿ ಚೆನ್ನಾಗಿ ಬಾಳಿಕೆಯೂ ಬರುತ್ತದೆ.

ನಾವು ಬಳಸುವುದು ನಿಕಲ್ ಫೋಮ್. ಸ್ಪಂಜಿನ ಹಾಗೆ ತೂತು ತೂತಾದ ಲೋಹದ ಹಾಳೆ. ಅದನ್ನು ಆಸಿಡ್‌ನಲ್ಲಿ ತೊಳೆದು, ನಿಕಲ್ ಮತ್ತು ಮಾಲಿಬ್ಡಿನಂ ಲವಣಗಳ ದ್ರಾವಣದಲ್ಲಿ ಮುಳುಗಿಸಿ, ಆಟೋಕ್ಲೇವ್‌ನಲ್ಲಿ, ಅಂದರೆ ಪ್ರೆಶರ್ ಕುಕ್ಕರ್‌ನಂಥ ಪಾತ್ರೆಯಲ್ಲಿ, ಬೇಯಿಸುತ್ತೇವೆ. ಆಮೇಲೆ ಹೈಡ್ರೋಜನ್ ಹಾಯಿಸಿ ಫರ್ನೇಸ್‌ನಲ್ಲಿ ಕಾಯಿಸಿದರೆ ಫೋಮ್ ಮೇಲೆ ನಿಕಲ್-ಮಾಲಿಬ್ಡಿನಂ ಮಿಶ್ರಲೋಹದ ಕಪ್ಪು ಪದರ ಕೂರುತ್ತದೆ.

ಕಳೆದ ವರ್ಷ ಅಂಥ ಒಂದು ತುಂಡು ನಮ್ಮನ್ನು ಕುಣಿಸಿಬಿಟ್ಟಿತು. ಚದರ ಸೆಂಟಿಮೀಟರಿಗೆ 10 ಮಿಲಿಆಂಪ್ ಹರಿಯಲು ಮೊದಲ ದಿನ 190 ಮಿಲಿವೋಲ್ಟ್ ಹೆಚ್ಚುವರಿ ಬೇಕಿತ್ತು. ಮೂರನೆಯ ದಿನಕ್ಕೆ 85. ಕ್ಯಾಟಲಿಸ್ಟ್ ಬಳಸಿದಷ್ಟೂ ಸೊರಗಬೇಕು, ಇದು ದಿನದಿನಕ್ಕೆ ಚುರುಕಾಗುತ್ತಿದೆ! ವಿವರಣೆ ನನ್ನ ಜೇಬಿನಲ್ಲೇ ಇತ್ತು: ಮೇಲಿನ ಆಕ್ಸೈಡ್ ಕಳಚಿ ಒಳಗಿನ ಹೊಸ ಮೇಲ್ಮೈ ತೆರೆದುಕೊಳ್ಳುತ್ತಿದೆ. ಸ್ಲೈಡ್ ಮಾಡಿದೆ. ಲ್ಯಾಬ್ ನಡೆಸುವ ಮೇಡಂ ಎಲ್ಲರಿಗೂ ಮೈಸೂರು ಪಾಕ್ ತರಿಸಿದರು.

ಅಳತೆಯ ಸೆಲ್‌ನಲ್ಲಿ ನಮ್ಮ ತುಂಡಿನ ಎದುರಿಗೆ ಇನ್ನೊಂದು ಎಲೆಕ್ಟ್ರೋಡ್ ಇರಬೇಕು. ನಮ್ಮದು ಪ್ಲಾಟಿನಂ ಸುರುಳಿ. ಬೆಲೆಬಾಳುವ ವಸ್ತು, ಲಾಕರ್‌ನಲ್ಲಿ ಇರುತ್ತದೆ. ಒಂದು ವಾರ ಕೀ ಇಟ್ಟುಕೊಂಡವರು ರಜೆಯಲ್ಲಿದ್ದರು. ಸರಿ ಅಂತ ಹೊಸ ತುಂಡಿಗೆ ಗ್ರಾಫೈಟ್ ಕಡ್ಡಿ ಹಾಕಿ ಓಡಿಸಿದೆ. 190. ಮೂರು ದಿನವಾದರೂ 190.

ನಾನು ಬೈದದ್ದು ಯಾರನ್ನು? ಗ್ರಾಫೈಟನ್ನು. ಆಮೇಲೆ ಯುಪಿಎಸ್, ಆಮೇಲೆ ಫರ್ನೇಸ್. ಹತ್ತು ದಿನ ಹೀಗೇ ಹೋಯಿತು.

ನಮ್ಮ ಟೆಕ್ನಿಷಿಯನ್ ಇಲ್ಲಿಗೆ ಬರುವ ಮುಂಚೆ ಇದೇ ಪೀಣ್ಯದ ಪ್ಲೇಟಿಂಗ್ ಶಾಪ್ ಒಂದರಲ್ಲಿದ್ದವರು. ಬೀಕರ್ ತೊಳೆಯುತ್ತಾ ಕೇಳಿದರು: "ಸರ್, ಇದೂ ನಮ್ಮ ಪ್ಲೇಟಿಂಗ್ ತೊಟ್ಟಿ ತರಾನೇ ಅಲ್ವಾ? ಪ್ಲಸ್‌ಗೆ ತೂಗುಹಾಕಿದ ಲೋಹ ಕರಗಿ ಮೈನಸ್‌ಲಿರೋ ಜಾಬ್ ಮೇಲೆ ಕೂರುತ್ತೆ. ನಿಮ್ಮ ಪ್ಲಾಟಿನಂ ಸುಮ್ನೆ ಇರುತ್ತಾ?"

ಇರುವುದಿಲ್ಲ. ಆಕ್ಸಿಜನ್ ಬಿಡುವ ಪ್ಲಸ್ ಕಡೆ ಪ್ಲಾಟಿನಂ ಚೂರುಚೂರೇ ಕರಗುತ್ತದೆ. ಕರಗಿದ್ದು ಎದುರಿನ ನಿಕಲ್ ಮೇಲೆ ಬಂದು ಕೂರುತ್ತದೆ. ಸುರುಳಿಯನ್ನು ತೂಗಿದರೂ ಗೊತ್ತಾಗದಷ್ಟು ಸಣ್ಣ ಪ್ರಮಾಣ, ಆದರೆ ಹೈಡ್ರೋಜನ್ ಬರಲು ಅಷ್ಟೇ ಧಾರಾಳ. ಹಳೇ ತುಂಡನ್ನು ಎಕ್ಸ್‌ಪಿಎಸ್ ಪರೀಕ್ಷೆಗೆ ಕಳಿಸಿದೆವು; ಎಕ್ಸ್‌ರೇ ಬಿಟ್ಟು ಮೇಲ್ಮೈಯಲ್ಲಿ ಯಾವ ಧಾತುಗಳಿವೆ ಎಂದು ನೋಡುವ ಪರೀಕ್ಷೆ ಅದು. ಮೇಲ್ಪದರದಲ್ಲಿ ಪ್ಲಾಟಿನಂ ಗೆರೆ ಎದ್ದು ಕಾಣುತ್ತಿತ್ತು. ಅಗ್ಗದ ಕ್ಯಾಟಲಿಸ್ಟ್ ಅಂತ ನಾನು ಮೆರೆಸಿದ್ದು ಪ್ಲಾಟಿನಂ ಲೇಪದ ನಿಕಲ್.

ನಾಚಿಕೆಯ ವಿಷಯವೆಂದರೆ, ಇದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಹಳ್ಳ. ನಾನೂ ಓದಿದ್ದೆ. ಅಂಕಿ ಚೆನ್ನಾಗಿ ಬಂದಾಗ ನೆನಪಾಗಲಿಲ್ಲ, ಕೆಟ್ಟಾಗ ಮಾತ್ರ ಹತ್ತು ದಿನ ತಪ್ಪು ಹುಡುಕಿದೆ.

ಮೇಡಂ ಬೈಯಲಿಲ್ಲ. "ಎಷ್ಟು ಸ್ಲೈಡ್‌ನಲ್ಲಿದೆ?" ಎಂದರು. ಮೂರು. ಮೂರನ್ನೂ ತೆಗೆದು, ಹಣ ಹಾಕಿದವರಿಗೆ ಅವರೇ ಫೋನ್ ಮಾಡಿದರು. ಆ ಫೋನ್ ನಾನು ಮಾಡಬೇಕಿತ್ತು.

ಒಮ್ಮೆ ಅನುಮಾನ ಹೊಕ್ಕರೆ ಬಿಡುವುದಿಲ್ಲ ನೋಡಿ. ಆಕ್ಸಿಜನ್ ಕಡೆಯ ನಿಕಲ್ ಅಂಕಿಗಳನ್ನೂ ತೆಗೆದು ನೋಡಿದೆ. ನಮ್ಮ ಸೆಲ್‌ಗೆ ತುಂಬುವ ಕ್ಷಾರ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದರ ಬಾಟಲಿಯಲ್ಲಿರುವ ಒಂದಿಷ್ಟು ಕಬ್ಬಿಣವೂ ನಿಕಲ್ ಜೊತೆ ಸೇರಿ ಆಕ್ಸಿಜನ್ ಬರುವುದನ್ನು ಜೋರು ಮಾಡುತ್ತದೆ. 1987ರಿಂದ ಗೊತ್ತಿರುವ ಸಂಗತಿ. ಬಾಟಲಿ ಬದಲಾದಾಗಲೆಲ್ಲ ನಮ್ಮ ಅಂಕಿಯೂ ಬದಲಾಗಿದ್ದು ಯಾಕೆ ಅಂತ ಆಗ ಹೊಳೆಯಿತು. ಈಗ ಆ ದ್ರಾವಣವನ್ನು ಶುದ್ಧ ಮಾಡಿಯೇ ಬಳಸುತ್ತೇವೆ.

ಗ್ರಾಫೈಟ್ ಕೂಡ ಸಾಚಾ ಅಲ್ಲ. ಕರೆಂಟ್ ಜಾಸ್ತಿಯಾದರೆ ಸವೆದು ದ್ರಾವಣವನ್ನು ಕಂದು ಮಾಡುತ್ತದೆ. ಅದಕ್ಕೆ ಎರಡು ಎಲೆಕ್ಟ್ರೋಡ್‌ಗಳ ನಡುವೆ ಒಂದು ಮೆಂಬ್ರೇನ್, ಅಂದರೆ ತೆಳು ಪೊರೆ, ಹಾಕಿದ್ದೇವೆ. ಕಾರ್ಖಾನೆಯ ಸೆಲ್‌ನಲ್ಲಿ ಚದರ ಸೆಂಟಿಮೀಟರಿಗೆ 200–400 ಮಿಲಿಆಂಪ್ ಹರಿಯಬೇಕು, ನಾವಿನ್ನೂ ಅಲ್ಲಿಗೆ ಬಂದಿಲ್ಲ. ಮಾಲಿಬ್ಡಿನಂ ಪಾಲು ಬದಲಿಸಿ ಮಾಡಿದ ಹೊಸ ತುಂಡು 10 ಮಿಲಿಆಂಪ್‌ಗೆ 140 ಮಿಲಿವೋಲ್ಟ್ ಕೇಳುತ್ತಿದೆ. ನಾಲ್ಕು ದಿನವಾಯಿತು, ಅಲ್ಲೇ ಇದೆ. ಇಳಿದಿಲ್ಲ.