ಗೊಂಬೆ ಶೋಕೇಸ್ ಒಳಗೆ ಒಂದು ಸಬ್‌ವೂಫರ್

ನಿನ್ನೆ ರಾತ್ರಿ ಹನ್ನೊಂದಕ್ಕೆ ನಮ್ಮ ಹೋಮ್ ಥಿಯೇಟರ್‌ನ ಬೇಸ್, ಅಂದ್ರೆ ತಗ್ಗು ಸ್ವರದ ಸದ್ದು, ಸರಿಯಾಯಿತು. ಐದು ವಾರ ಹಿಡಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಚಿಕ್ಕ ಹಾಲ್‌ನಲ್ಲಿ ಥಿಯೇಟರ್ ಮಾಡಲು ಹೊರಟವರಿಗೆಲ್ಲ ಈ ಕಾಟ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಮೈಸೂರಿನ ಕುವೆಂಪುನಗರದ ಹಳೆ ಮನೆ, ರೆಡ್ ಆಕ್ಸೈಡ್ ನೆಲ. ಹಾಲ್ 15 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಅಮ್ಮನ ಷರತ್ತು ಒಂದೇ. ಅರಿಶಿನ-ಕುಂಕುಮಕ್ಕೆ ಬಂದವರ ಕಣ್ಣಿಗೆ ಒಂದೂ ಕರಿ ಡಬ್ಬ ಬೀಳಬಾರದು. ನನಗೂ ಬೇಕಾಗಿದ್ದು ಅದೇ. ಹಗಲೆಲ್ಲ ಅದು ನಮ್ಮ ಹಾಲ್ ಆಗಿಯೇ ಇರಬೇಕು. ಲೈಟ್ ಆರಿಸಿದ ಮೇಲೆ ಥಿಯೇಟರ್ ಆಗಬೇಕು.

ಉಳಿದ ಕೆಲಸ ಬೇಗ ಮುಗಿಯಿತು. ಮುಂದಿನ ಮೂರು ಸ್ಪೀಕರ್ ಟಿವಿ ಯೂನಿಟ್ ಒಳಗೆ ಕೂತಿವೆ. ಬಾಗಿಲಿನ ಪ್ಲೈವುಡ್ ತೆಗೆಸಿ, ಚೌಕಟ್ಟಿಗೆ ಬಟ್ಟೆ ಬಿಗಿದಿದ್ದೇನೆ. ಪಕ್ಕದ ಎರಡು, ಸೋಫಾದ ಆಚೀಚೆ ಗೋಡೆ ದೀಪದ ಮರದ ಗೂಡಿನಲ್ಲಿವೆ. ರಿಸೀವರ್ (ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆ) ಬಿಸಿಯಾಗದಂತೆ ಹಿಂದೆ ಒಂದು ಕಂಪ್ಯೂಟರ್ ಫ್ಯಾನ್ ಇದೆ. 12 ವೋಲ್ಟ್ ಫ್ಯಾನ್‌ಗೆ 7 ವೋಲ್ಟ್ ಕೊಟ್ಟರೆ ಸದ್ದೇ ಇಲ್ಲ.

ಬಟ್ಟೆ ವಿಷಯ ಮಾತ್ರ ಹೇಳಲೇಬೇಕು. ಸ್ಪೀಕರ್ ಬಟ್ಟೆ ಅಂತ ಬೆಂಗಳೂರಿನ ಅಂಗಡಿಯೊಂದರಿಂದ ತರಿಸಿದೆ. ಬಂದಿದ್ದು ಕರ್ಟನ್ ಬಟ್ಟೆ. ಬಾಯಿಗೆ ಹಿಡಿದು ಊದಿದರೆ ಉಸಿರು ಆಚೆ ಹೋಗುತ್ತಿರಲಿಲ್ಲ. ಉಸಿರು ದಾಟದ ಬಟ್ಟೆಯನ್ನು ಟ್ವೀಟರ್ (ಎತ್ತರದ ಸ್ವರದ ಪುಟ್ಟ ಸ್ಪೀಕರ್) ಸದ್ದು ಹೇಗೆ ದಾಟೀತು? 10,000 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 10,000 ಸಲ ಕಂಪಿಸುವ ಅಲೆಯ ಉದ್ದ ಮೂರೂವರೆ ಸೆಂಟಿಮೀಟರ್ ಕೂಡ ಇಲ್ಲ. ಮುಂದೆ ಏನು ಅಡ್ಡ ಬಂದರೂ ಅದಕ್ಕೆ ತಾಗುತ್ತದೆ. ವಾಪಸ್ ತಗೊಳ್ಳಿ ಅಂದರೆ "ಕಟ್ ಮಾಡಿದ ಮೇಲೆ ಆಗಲ್ಲ ಸಾರ್" ಅಂದರು. ಕೊನೆಗೆ ಶಿವರಾಂಪೇಟೆಯಲ್ಲಿ ತೆಳು ಮಲ್‌ಮಲ್ ತಂದು ಮನೆಯಲ್ಲೇ ಕಾಫಿ ಬಣ್ಣ ಹಾಕಿದೆ. ಅದು ಎಷ್ಟು ಚೆನ್ನಾಗಿದೆ ಅಂದ್ರೆ, ಪಕ್ಕದ್ಮನೆ ಆಂಟಿ ಅದೇ ಬಟ್ಟೆಯ ಕರ್ಟನ್ ಎಲ್ಲಿ ಸಿಗುತ್ತೆ ಅಂತ ಕೇಳಿದರು.

ಈಗ ಬೇಸ್.

ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ಸಬ್) ಬಚ್ಚಿಡುವುದು ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದೆ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬಂತು ಅಂತ ಕಿವಿಗೆ ಗೊತ್ತಾಗುವುದಿಲ್ಲ. 40 ಹರ್ಟ್ಸ್ ಅಲೆಯ ಉದ್ದ ಸುಮಾರು 28 ಅಡಿ. ಜಾಲರಿ, ಬಟ್ಟೆ, ಬೆತ್ತ, ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ 10 ಇಂಚಿನ ಸ್ಪೀಕರ್‌ಗೆ ಸೀಲ್ಡ್ (ಗಾಳಿಯಾಡದ) ಬಾಕ್ಸ್ ಮಾಡಿ ಟಿವಿ ಪಕ್ಕದ ಮೂಲೆಗೆ ತಳ್ಳಿದೆ. ಮೇಲೆ ಹಿತ್ತಾಳೆ ಉರುಳಿ ಇಟ್ಟು ನೀರು, ಹೂವು ಹಾಕಿದೆವು. ನೋಡಲು ಬಹಳ ಚಂದ. ಬೇಸ್ ಬಂದಾಗ ನೀರಿನಲ್ಲಿ ಉಂಗುರ ಉಂಗುರ ಏಳುತ್ತಿತ್ತು.

ಕೇಳಲು ಮಾತ್ರ ಹಿಂಸೆ. ಸೋಫಾದ ಎರಡು ತುದಿಯಲ್ಲಿ ಕೂತರೆ ಎದೆ ಒತ್ತುವ ಗುಂಯ್. ನಡುವೆ ಕೂತರೆ ಬೇಸ್‌ನಲ್ಲಿ ಒಂದು ಪಾಲು ಕಾಣೆ, ಉಳಿದದ್ದು ಒಂದೇ ಸ್ವರದ ಗುನುಗು. ಯಾವ ಸಿನಿಮಾ ಹಾಕಿದರೂ ಸಿಡಿಲು, ಲಾರಿ, ಡೋಲು ಎಲ್ಲ ಒಂದೇ ಸದ್ದು.

ಎರಡು ಗೋಡೆ ನಡುವೆ ಯಾವ ಅಲೆ ಸಿಕ್ಕಿಕೊಂಡು ಮೊಳಗುತ್ತದೆ ಅನ್ನುವ ಲೆಕ್ಕ ಸುಲಭ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಎರಡು ಗೋಡೆ ನಡುವಿನ ದೂರವನ್ನು ಮೀಟರ್‌ನಲ್ಲಿ ಹಿಡಿದು ಎರಡರಿಂದ ಗುಣಿಸಿ, 343ನ್ನು ಅದರಿಂದ ಭಾಗಿಸಿ. ನಮ್ಮ 15 ಅಡಿಗೆ 37.5 ಹರ್ಟ್ಸ್ ಬರುತ್ತದೆ. 11 ಅಡಿಗೆ 51. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ಬಾಗಿಲು ಇರುವುದರಿಂದ ಅದನ್ನು ಮುಂದೆ ತರಲು ಜಾಗ ಇಲ್ಲ. ಗೋಡೆ ಪಕ್ಕದಲ್ಲಿ 37.5 ಉಬ್ಬುತ್ತದೆ. ಅಗಲದ ನಟ್ಟನಡುವೆ 51 ಸತ್ತೇ ಹೋಗುತ್ತದೆ. ಸಬ್ ಮೂಲೆಯಲ್ಲಿದ್ದರೆ ಈ ಎಲ್ಲ ಅಲೆಗಳೂ ಪೂರ್ತಿ ಜೋರಿನಲ್ಲಿ ಏಳುತ್ತವೆ. ಅಳತೆಗೆಂದೇ ಇರುವ ಯುಮಿಕ್-1 ಮೈಕ್ ಇಟ್ಟು, ಆರ್‌ಇಡಬ್ಲ್ಯೂ ಎಂಬ ಸಾಫ್ಟ್‌ವೇರ್‌ನಲ್ಲಿ ಅಳೆದಾಗ ಬಂದ ಗ್ರಾಫ್ ಗೆರೆ ಥೇಟ್ ಹಾಗೇ ಇತ್ತು. 37ರ ಹತ್ತಿರ 12 ಡೆಸಿಬೆಲ್ ಉಬ್ಬು, 51ರಲ್ಲಿ ಬಾವಿಯಂಥ ಗುಂಡಿ.

ಮೊದಲು ಈಕ್ಯೂನಲ್ಲೇ (ಒಂದೊಂದು ಸ್ವರದ ಜೋರನ್ನು ಏರಿಳಿಸುವ ಈಕ್ವಲೈಸರ್) ಸರಿಮಾಡಲು ನೋಡಿದೆ. ಉಬ್ಬು ತಗ್ಗಿತು. ಗುಂಡಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. 6 ಡೆಸಿಬೆಲ್ ಏರಿಸಿದೆ, ಅಂದ್ರೆ ಆಂಪ್ (ಆಂಪ್ಲಿಫೈಯರ್) ನಾಲ್ಕು ಪಟ್ಟು ಪವರ್ ಕೊಡಬೇಕು. ಕೊಟ್ಟಿತು, ಮೈ ಬಿಸಿ ಮಾಡಿಕೊಂಡಿತು. ನಡುವಿನ ಸೀಟಿಗೆ ಏನೂ ಬರಲಿಲ್ಲ, ತುದಿಯ ಸೀಟುಗಳಲ್ಲಿ ಗುಂಯ್ ಇನ್ನೂ ಜಾಸ್ತಿಯಾಯಿತು. ಹುತ್ತ ಬಡಿದರೆ ಹಾವು ಸಾಯುತ್ತದೆಯೇ? ತೊಂದರೆ ಇದ್ದದ್ದು ಸಬ್ ಕೂತ ಜಾಗದಲ್ಲಿ.

ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಇದನ್ನೇ ಅಳೆದು ತೋರಿಸಿದ್ದರು. ಎದುರುಬದುರು ಗೋಡೆಗಳ ನಟ್ಟನಡುವೆ ಒಂದೊಂದು ಸಬ್ ಇಟ್ಟರೆ ಎಲ್ಲ ಸೀಟಿಗೂ ಹೆಚ್ಚು ಕಡಿಮೆ ಒಂದೇ ಬೇಸ್ ಸಿಗುತ್ತದೆ. ನಮ್ಮ ಹಾಲ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಉದ್ದದ ನಡುವೆ ಇಟ್ಟರೆ 37.5 ಏಳುವುದೇ ಇಲ್ಲ. ಎಡಗೋಡೆಯ ಸಬ್ ಎಬ್ಬಿಸಿದ 51ನ್ನು ಬಲಗೋಡೆಯ ಸಬ್ ಅಳಿಸುತ್ತದೆ.

ಟೇಪ್ ಹಿಡಿದೆ. ಎಡಗೋಡೆಯಲ್ಲಿ ಏಳೂವರೆ ಅಡಿಗೆ ಬರುವುದು ಕಿಟಕಿ ಕೆಳಗಿನ ದಿವಾನ್. ಬಲಗೋಡೆಯಲ್ಲಿ ಏಳೂವರೆ ಅಡಿಗೆ ಬರುವುದು ಗೊಂಬೆ ಶೋಕೇಸ್‌ನ ಕೆಳಗಿನ ನಡು ಖಾನೆ. ಅಲ್ಲಿರುವುದು ದಸರಾ ಗೊಂಬೆಗಳ ಟ್ರಂಕು.

ಅಮ್ಮನನ್ನು ಒಪ್ಪಿಸಲು ಒಂದು ವಾರ ಬೇಕಾಯಿತು. "ಅಟ್ಟಕ್ಕೆ ಹಾಕಿದ್ರೆ ಇಲಿ ಕಡಿಯುತ್ತೆ ಕಣೋ. ಪಟ್ಟದ ಗೊಂಬೆ ನಮ್ಮಮ್ಮ ಕೊಟ್ಟಿದ್ದು" ಅಂದರು. ಅವರು ಹೇಳಿದ್ದು ಸರಿ. ಆ ರಾಜ-ರಾಣಿ ಜೋಡಿ ನಮ್ಮ ಮನೆಯ ಯಾವ ಸಾಮಾನಿಗಿಂತಲೂ ಹಳೆಯದು. ಕೊನೆಗೆ ಪಟ್ಟದ ಗೊಂಬೆಗಳು ದೇವರ ಮನೆಯ ಬೀರುವಿಗೆ ಹೋದವು, ಉಳಿದವು ನನ್ನ ರೂಮಿನ ಮಂಚದ ಕೆಳಗೆ. ನವರಾತ್ರಿಯ ದಿನಗಳಲ್ಲಿ ಆ ಕಡೆ ಮೆಟ್ಟಿಲು ಕಟ್ಟಿದಾಗ ಸಬ್ ಬಂದ್. ಇದು ಒಪ್ಪಂದ.

10 ಇಂಚಿನದು ಮಂಡ್ಯದ ಗೆಳೆಯನಿಗೆ ಹೋಯಿತು. 8 ಇಂಚಿನ ಎರಡು ಡ್ರೈವರ್ (ಬಾಕ್ಸ್‌ಗೆ ಕೂರಿಸುವ ಬಿಡಿ ಸ್ಪೀಕರ್) ತರಿಸಿದೆ. 18 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಎರಡು ಸೀಲ್ಡ್ ಬಾಕ್ಸ್, ಎರಡಕ್ಕೂ ಸೇರಿ ಒಂದೇ ಎರಡು ಚಾನೆಲ್ ಆಂಪ್. ಆಚಾರ್ರಿಗೆ ಒಂದೇ ಮಾತು ಹೇಳಿದ್ದೆ: "ಬಾಕ್ಸ್ ಶೋಕೇಸ್ ಮರಕ್ಕೆ ತಾಗಬಾರದು ಆಚಾರ್ರೇ." ಅವರು ಖಾನೆಯ ತಳದ ಹಲಗೆ ಕತ್ತರಿಸಿ, ಬಾಕ್ಸ್ ರಬ್ಬರ್ ಗುಂಡಿಗಳ ಮೇಲೆ ನೇರ ನೆಲಕ್ಕೆ ಕೂರುವ ಹಾಗೆ ಮಾಡಿದರು. ಬಾಗಿಲಿಗೆ ಬೆತ್ತದ ಹೆಣಿಗೆ. ದಿವಾನ್‌ಗೂ ಅದೇ. ಎರಡೂ ಹುಟ್ಟಿದಾಗಿನಿಂದ ಹಾಗೇ ಇದ್ದವೇನೋ ಅನ್ನಿಸುತ್ತವೆ.

ಶನಿವಾರ ರಾತ್ರಿ ಎಲ್ಲ ಜೋಡಿಸಿ ಆನ್ ಮಾಡಿದೆ. ನಡುವಿನ ಸೀಟಿನಲ್ಲಿ ಬೇಸ್ ಇಲ್ಲ. ಕಡಿಮೆ ಅಂತಲ್ಲ, ಇಲ್ಲವೇ ಇಲ್ಲ! ತುದಿಗೆ ಹೋಗಿ ಕೂತರೆ ಮೊದಲಿಗಿಂತ ಜೋರು ಗುಂಯ್. ಎರಡು ಗಂಟೆವರೆಗೆ ವೈರ್ ಹುಡುಕಿದೆ. ಮಲ್ಟಿಮೀಟರ್ ಇಟ್ಟು ಆಂಪ್‌ನಿಂದ ಬಾಕ್ಸ್‌ವರೆಗೆ ಒಂದೊಂದು ತಂತಿಯನ್ನೂ ನೋಡಿದೆ. ಎಲ್ಲ ಸರಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಅಳು ಬರುವುದೊಂದು ಬಾಕಿ.

ಭಾನುವಾರ ಕಾಫಿ ಕುಡಿಯುತ್ತಾ ಇರುವಾಗ ಹೊಳೆಯಿತು. ಗಡಿಯಾರದಿಂದ 1.5 ವೋಲ್ಟ್ ಸೆಲ್ ತೆಗೆದೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಹಿಡಿದು ದಿವಾನ್ ಬಾಕ್ಸ್‌ಗೆ ಮುಟ್ಟಿಸಿದರೆ ಕೋನ್ ಟಕ್ ಅಂತ ಮುಂದೆ ಬಂತು. ಶೋಕೇಸ್ ಬಾಕ್ಸ್‌ಗೆ ಮುಟ್ಟಿಸಿದರೆ ಟಕ್ ಅಂತ ಒಳಗೆ ಹೋಯಿತು. ಬಿಚ್ಚಿ ನೋಡಿದೆ. ಆ ಡ್ರೈವರ್‌ನ ಪ್ಲಸ್ ಗುರುತಿನ ಕೆಂಪು ಚುಕ್ಕೆಯನ್ನೇ ತಪ್ಪು ಟರ್ಮಿನಲ್‌ಗೆ ಇಟ್ಟು ಕಳಿಸಿದ್ದಾರೆ! ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ಸರಿಯಾಗಿ ನಡುವೆ ಕೂತವರಿಗೆ ಎರಡೂ ಸೇರಿ ಸೊನ್ನೆ. ಅಗಲದ 51ಕ್ಕೆ ಮಾತ್ರ ಎರಡು ಪಟ್ಟು ಗೊಬ್ಬರ. ಅಂಗಡಿಯವರಿಗೆ ಫೋನ್ ಮಾಡಿದರೆ "ಎಲ್ಲಾ ಪೀಸೂ ಹಂಗೇ ಬರೋದು ಸಾರ್" ಅಂದರು. ಒಂದು ಹಂಗೆ, ಒಂದು ಹಿಂಗೆ ಬಂದಿದೆಯಲ್ಲ ಅಂದೆ. ಫೋನ್ ಇಟ್ಟರು. ಒಂದು ಚುಕ್ಕೆ ಬಣ್ಣ ಸರಿಯಾಗಿ ಇಟ್ಟಿದ್ದರೆ ನನ್ನ ಒಂದು ರಾತ್ರಿ ಉಳಿಯುತ್ತಿತ್ತು. ದಯವಿಟ್ಟು ಹೊಸ ಡ್ರೈವರ್ ಬಾಕ್ಸ್‌ಗೆ ಕೂರಿಸುವ ಮೊದಲೇ ಸೆಲ್ ಮುಟ್ಟಿಸಿ ನೋಡಿ. ಹತ್ತು ಸೆಕೆಂಡಿನ ಕೆಲಸ.

ತಂತಿ ಅದಲು ಬದಲು ಮಾಡಿ, ಬಾಕ್ಸ್ ಮತ್ತೆ ಸೀಲ್ ಮಾಡಿ, ಅಂಟು ಒಣಗಲು ಬಿಟ್ಟು ನಿನ್ನೆ ಅಳೆದೆ. 37ರ ಉಬ್ಬು ಮಾಯ. 51ರ ಗುಂಡಿ ಮಾಯ. ಮೂರು ಸೀಟಿನ ಗೆರೆಗಳೂ ಒಂದರ ಮೇಲೊಂದು ಮಲಗಿವೆ. ಉದ್ದದ ಎರಡನೇ ಅಲೆ, 75 ಹರ್ಟ್ಸ್, ಸ್ವಲ್ಪ ಎದ್ದಿತ್ತು. ಅದು ಬರಲೇಬೇಕು, ಯಾಕಂದ್ರೆ ಅದಕ್ಕೆ ಗೋಡೆಯ ನಡುವೆಯೇ ಬಲ ಜಾಸ್ತಿ. ಈಕ್ಯೂನಲ್ಲಿ 6 ಡೆಸಿಬೆಲ್ ಕಿರಿದಾಗಿ ಇಳಿಸಿದೆ, ಕೂತಿತು. ಉಬ್ಬಿಗೆ ಈಕ್ಯೂ ಕೆಲಸ ಮಾಡುತ್ತದೆ.

ಆಮೇಲೆ ಡೊಳ್ಳು ಕುಣಿತದ ಒಂದು ರೆಕಾರ್ಡಿಂಗ್ ಹಾಕಿದೆ. ಇಷ್ಟು ದಿನ ಗುಡುಗಿನ ಮುದ್ದೆಯ ಹಾಗೆ ಕೇಳುತ್ತಿತ್ತು. ನಿನ್ನೆ ಒಂದೊಂದು ಏಟೂ ಬಿಡಿಬಿಡಿಯಾಗಿ ಬಂತು. ಕೋಲು ಚರ್ಮಕ್ಕೆ ಬಿದ್ದು ಮೇಲೆದ್ದದ್ದು ಗೊತ್ತಾಯಿತು. ಮೈ ಜುಮ್ ಅಂದಿತು. ಒಳಗೆ ಮಲಗಿದ್ದ ಅಮ್ಮ ಎದ್ದು ಬಂದು, "ಬೀದೀಲಿ ಯಾವ ಮೆರವಣಿಗೆನೋ ಇಷ್ಟು ಹೊತ್ನಲ್ಲಿ?" ಅಂತ ಕಿಟಕಿ ತೆರೆದು ನೋಡಿದರು.

ನಡುವೆ ಒಂದು ಮಾತು. ಟ್ರಂಕ್ ಸರಿಸುವಾಗ ಅದರ ಹಿಂದೆ ತಾತನ ವಾಲ್ವ್ ರೇಡಿಯೋ ಸಿಕ್ಕಿತು. ಮರದ ಪೆಟ್ಟಿಗೆ ಗಟ್ಟಿಮುಟ್ಟಾಗಿದೆ, ಡಯಲ್ ಗಾಜು ಒಡೆದಿಲ್ಲ. ಮುಂದಿನ ಕೆಲಸ ಅದೇ. ಒಳಗೆ ಬ್ಲೂಟೂತ್ ಬೋರ್ಡ್ ಹಾಕು ಅಂತ ಗೆಳೆಯರ ಸಲಹೆ. ಖಂಡಿತ ಹಾಕುವುದಿಲ್ಲ. ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೋ ನಿಲಯ ನಡೆಸಿದ ಊರು ಇದು. 'ಆಕಾಶವಾಣಿ' ಹೆಸರು ಮೊದಲು ಕೇಳಿದ ಊರು. ಇಲ್ಲಿ ಒಂದು ಹಳೆ ರೇಡಿಯೋ ಮತ್ತೆ ವಾಲ್ವ್‌ನಲ್ಲೇ ಮಾತಾಡಬೇಕು. ಕೆಪಾಸಿಟರ್‌ಗಳ ಪಟ್ಟಿ ಬರೆಯಲು ಶುರು ಮಾಡಿದ್ದೇನೆ. ಹಳೆಯವಕ್ಕೆ ಒಂದೇ ಸಲ ಪೂರ್ತಿ ಕರೆಂಟ್ ಕೊಡಬಾರದು, ಹಾಗಾಗಿ ಒಂದು ವೇರಿಯಾಕ್ (ವೋಲ್ಟೇಜ್ ಮೆಲ್ಲಗೆ ಏರಿಸುವ ಟ್ರಾನ್ಸ್‌ಫಾರ್ಮರ್) ಬೇಕು. ಯಾರ ಹತ್ತಿರವಾದರೂ ಸುಮ್ನೆ ಕೂತಿದ್ದರೆ ಹೇಳಿ.

ಥಿಯೇಟರ್‌ನಲ್ಲಿ ಇನ್ನೊಂದು ಕೆಲಸ ಉಳಿದಿದೆ, ಕಟಕಟ. 20ರಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಸ್ವರ ಏರಿಸುತ್ತಾ ಮನೆಯೆಲ್ಲ ಓಡಾಡಿದೆ. 43ಕ್ಕೆ ಶೋಕೇಸ್‌ನ ಸರಿಯುವ ಗಾಜು ನಡುಗುತ್ತದೆ. 62ಕ್ಕೆ ತೂಗುದೀಪದ ಸರಪಳಿ. ಸ್ವಿಚ್‌ಬೋರ್ಡಿನ ಒಂದು ಸ್ಕ್ರೂ ಸಡಿಲ ಇತ್ತು, ಬಿಗಿ ಮಾಡಿದೆ. ಚನ್ನಪಟ್ಟಣದ ಗೊಂಬೆಗಳು ಒಂದು ಸಿನಿಮಾ ಮುಗಿಯುವುದರೊಳಗೆ ಬೆರಳಗಲ ಮುಂದೆ ನಡೆದಿದ್ದವು. ಅವುಗಳ ಅಡಿಗೆ ಕಾರ್ಕ್ ಶೀಟ್ ಕತ್ತರಿಸಿ ಇಟ್ಟಿದ್ದೇನೆ, ಈಗ ನಿಂತಲ್ಲೇ ನಿಂತಿವೆ. ಗಾಜು ಸರಿಯುವ ಸಂದಿಗೆ ಫೆಲ್ಟ್ ಪಟ್ಟಿ ಹಾಕಲು ಆಚಾರ್ರು ಭಾನುವಾರ ಬರುತ್ತಾರೆ.